ಸಂಜೆ ಬೆಳಕಲ್ಲಿ ‘ಸ್ಲೀಪ್ನಿರ್’: ದೈತ್ಯ ಕ್ರೇನ್ ಹಡಗಿನ ಫೋಟೋ ತೆಗೆಯುವುದು ಹೇಗೆ?

ಸಮುದ್ರದಲ್ಲಿ ತೈಲ, ಅನಿಲ ವೇದಿಕೆಗಳನ್ನು ಎತ್ತಿ ಕೂರಿಸುವ ‘ಸ್ಲೀಪ್ನಿರ್’ ಹಡಗಿನ ಉದ್ದ 220 ಮೀಟರ್, ಅಗಲ 102 ಮೀಟರ್. ತಲಾ 10 ಸಾವಿರ ಟನ್ ಎತ್ತಬಲ್ಲ ಎರಡು ಕ್ರೇನ್‌ಗಳಿವೆ. 2019ರಲ್ಲಿ ಸಿಂಗಾಪುರದಲ್ಲಿ ಸಿದ್ಧವಾದ ಇದು ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಬಂದರಿಗೆ ಬಂದಾಗ ಕಾಲುವೆಯ ಎದುರು ದಡದಿಂದ ಫೋಟೋ ತೆಗೆಯಬಹುದು.

ಪೂರ್ತಿ ಕತ್ತಲಾಗಲೆಂದು ಕಾಯುವುದೇ ತಪ್ಪು. ಆಗ ದೀಪಗಳಷ್ಟೇ ಉಳಿದು ಕ್ರೇನ್‌ಗಳ ಆಕಾರ ಕಪ್ಪಿನಲ್ಲಿ ಕರಗಿಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ, ಡೆಕ್ ದೀಪಗಳು ಹೊತ್ತಿಕೊಂಡು ಆಕಾಶ ಇನ್ನೂ ನೀಲಿಯಾಗಿರುವಾಗಲೇ ಕ್ಲಿಕ್ಕಿಸಬೇಕು. ಮುಂಬೈಯಲ್ಲಿ ಈ ಬೆಳಕು ಸುಮಾರು 25 ನಿಮಿಷ. ಜೂನ್ ತಿಂಗಳ ರಾಟರ್‌ಡ್ಯಾಮ್‌ನಲ್ಲಿ ಮುಕ್ಕಾಲು ಗಂಟೆ. ಟ್ರೈಪಾಡ್, ಐಎಸ್‌ಒ 100, ಕೆಲವು ಸೆಕೆಂಡ್‌ಗಳ ಎಕ್ಸ್‌ಪೋಷರ್ ಸಾಕು. ಪಕ್ಕದಲ್ಲಿ ಟಗ್ ದೋಣಿ ಹಾದುಹೋದರೆ ಮಾತ್ರ ಐಎಸ್‌ಒ ಏರಿಸಿ, ಶಟರ್ ವೇಗ ಹೆಚ್ಚಿಸಿ ಅದನ್ನೂ ಸೇರಿಸಿಕೊಳ್ಳಿ. ಹೋಲಿಕೆಗೆ ಏನೂ ಇಲ್ಲದಿದ್ದರೆ ಇಷ್ಟು ದೊಡ್ಡ ಹಡಗೂ ಚಿತ್ರದಲ್ಲಿ ಆಟಿಕೆಯಂತೆ ಕಾಣುತ್ತದೆ.