‘ಈಲ್ಯಡ್’ ಪದದ ಮೂಲ ಮತ್ತು ಅರ್ಥ: ಎರಡು ಪ್ರಯೋಗಗಳ ಮರುಪರಿಶೀಲನೆ

ಹದಿನಾರನೆಯ ಶತಮಾನದ ಕೊನೆಯ ಭಾಗದ ಇಂಗ್ಲಿಷಿನಲ್ಲಿ ಕಾಣಿಸುವ ‘ಈಲ್ಯಡ್’ ಎಂಬ ಪದಕ್ಕೆ ‘ಪ್ರಣಯಸೂಚಕವಾದ ಓರೆನೋಟ’ ಎಂದು ಅರ್ಥ ಹೇಳುವ ರೂಢಿಯಿದೆ. ಈ ಓರೆತನ ಎಲ್ಲಿಂದ ಬಂದಿತು? ನಿಷ್ಪತ್ತಿಯಲ್ಲಂತೂ ಅದಿಲ್ಲ. ಕಣ್ಣು ಎಂಬರ್ಥದ ಫ್ರೆಂಚ್ ‘ಎಯ್’ ಪದಕ್ಕೆ ಕ್ರಿಯಾಸೂಚಕವಾದ ‘ಆದ್’ ಪ್ರತ್ಯಯ ಸೇರಿ ‘ಎಯಾದ್’ ಆಗಿದೆ. ‘ಎಯ್’ ಲ್ಯಾಟಿನ್ನಿನ ‘ಓಕುಲುಸ್’ನಿಂದ ಬಂದದ್ದು. ಘಟಕಗಳಿಂದ ದೊರೆಯುವ ಅರ್ಥ ಕಣ್ಣು ಹಾಯಿಸುವುದು ಎಂಬಷ್ಟೇ.

ಈ ಪದ ಇಂದಿಗೂ ಪರಿಚಿತವಾಗಿ ಉಳಿದಿರುವುದು ಮುಖ್ಯವಾಗಿ ಷೇಕ್ಸ್‌ಪಿಯರನ ಎರಡು ನಾಟಕಗಳಿಂದ. ‘ಕಿಂಗ್ ಲಿಯರ್’ನ 1608ರ ಮುದ್ರಣದಲ್ಲಿ ಅದು ‘ಆಲಿಯಡ್ಸ್’ ಎಂದೂ 1623ರ ಫೋಲಿಯೋದಲ್ಲಿ ‘ಎಲಿಯಡ್ಸ್’ ಎಂದೂ ಇದೆ. ಅದೇ ಫೋಲಿಯೋದ ‘ಮೆರಿ ವೈವ್ಸ್ ಆಫ್ ವಿಂಡ್ಸರ್’ನಲ್ಲಿ ‘ಇಲಿಯಡ್ಸ್’. ಅಚ್ಚಿನ ಮೊಳೆ ಜೋಡಿಸಿದವರಿಗೆ ಇದು ಅಪರಿಚಿತ ಪದವಾಗಿತ್ತೆಂದು ತೋರುತ್ತದೆ. ಹೋಮರನ ಕಾವ್ಯ ಅವರಿಗೆ ನೆನಪಾಗಿರಲೂ ಸಾಕು. ಇಂದಿನ ಫ್ರೆಂಚ್ ಮಾದರಿಯ ಕಾಗುಣಿತ ನಂತರದ ಸಂಪಾದಕರದು.

ಪ್ರಯೋಗಸಂದರ್ಭಗಳು ಇನ್ನೂ ಮುಖ್ಯ. ‘ಮೆರಿ ವೈವ್ಸ್’ನಲ್ಲಿ ಪೇಜ್‌ನ ಹೆಂಡತಿ ತನ್ನನ್ನು ಹೀಗೆ ನೋಡಿದಳೆಂದು ಹೇಳುವವನು ಫಾಲ್‌ಸ್ಟಾಫ್. ಆ ನೋಟ ತನ್ನ ಪಾದ, ಹೊಟ್ಟೆಗಳ ಮೇಲೆಲ್ಲ ಹರಿಯಿತೆಂಬುದು ಅವನ ವರ್ಣನೆ. ಅದು ಅಳೆದು ನೋಡುವ ನೋಟವೇ ಹೊರತು ಓರೆನೋಟವಲ್ಲ. ಮೇಲಾಗಿ ಅವನ ಭ್ರಮೆ. ‘ಲಿಯರ್’ನಲ್ಲಿ ಗಾನರಿಲ್ ಎಡ್ಮಂಡನತ್ತ ಬೀರಿದ ನೋಟಗಳ ಬಗ್ಗೆ ಹೇಳುವವಳು ಅದೇ ಎಡ್ಮಂಡನನ್ನು ಬಯಸುವ ರೀಗನ್. ಎರಡು ಕಡೆಯೂ ನಮಗೆ ದೊರೆಯುವುದು ಪಕ್ಷಪಾತಿಯ ವರದಿ: ಒಂದರಲ್ಲಿ ಒಣಹೆಮ್ಮೆ, ಇನ್ನೊಂದರಲ್ಲಿ ಅಸೂಯೆ. ಇಂಥ ಸಾಕ್ಷಿಗಳ ಮಾತಿನಿಂದ ನೋಟದ ಕೋನವನ್ನು ನಿರ್ಧರಿಸುವುದು ದುಡುಕೆಂದೇ ನನ್ನ ಅಭಿಪ್ರಾಯ.

ಓರೆತನ ನಿಜವಾಗಿ ಸಲ್ಲುವುದು ಫಾಲ್‌ಸ್ಟಾಫ್ ಅದೇ ದೃಶ್ಯದಲ್ಲಿ ಫೋರ್ಡ್‌ನ ಹೆಂಡತಿಯ ಬಗ್ಗೆ ಬಳಸುವ ‘ಲೀರ್’ ಪದಕ್ಕೆ. ಪ್ರಾಚೀನ ಇಂಗ್ಲಿಷಿನ ‘ಹ್ಲೇಓರ್’ ಎಂದರೆ ಕೆನ್ನೆ, ಮುಖ. ‘ಆ್ಯಸ್ ಯು ಲೈಕ್ ಇಟ್’ನಲ್ಲಿ ‘ಲೀರ್’ ಇನ್ನೂ ಮುಖದ ಚೆಲುವನ್ನೇ ಸೂಚಿಸುತ್ತದೆ. ಹದಿನಾರನೆಯ ಶತಮಾನದ ಕ್ರಿಯಾಪದ ಬಹುಶಃ ಕೆನ್ನೆಯ ಮೇಲಿಂದ ನೋಡುವುದೆಂಬ ಕಲ್ಪನೆಯಿಂದ ಹುಟ್ಟಿ, ಕ್ರಮೇಣ ಹೀನಾರ್ಥಕ್ಕೆ ಇಳಿಯಿತು. ಒಂದೇ ದೃಶ್ಯದ ಈ ನೆರೆಯ ಅರ್ಥವನ್ನೇ ವ್ಯಾಖ್ಯಾನಕಾರರು ‘ಈಲ್ಯಡ್’ಗೂ ಹಚ್ಚಿರಬಹುದೆಂಬುದು ನನ್ನ ಊಹೆ.

ಕನ್ನಡದ ಅನುವಾದಕನಿಗೆ ಇಲ್ಲಿ ‘ಕಟಾಕ್ಷ’ ಥಟ್ಟನೆ ಹೊಳೆಯುತ್ತದೆ. ಅದರೊಳಗಿನ ‘ಅಕ್ಷಿ’ಯೂ ‘ಓಕುಲುಸ್’ ಪದವೂ ಒಂದೇ ಇಂಡೋ-ಯುರೋಪಿಯನ್ ಧಾತುವಿನವು. ಆದರೆ ‘ಕಟಾಕ್ಷ’ದಲ್ಲಿ ಓರೆತನ ನಿಶ್ಚಿತ, ಜೊತೆಗೆ ‘ಕೃಪಾಕಟಾಕ್ಷ’ದಂಥ ಬಳಕೆಯಲ್ಲಿ ಅದು ಅನುಗ್ರಹದ ಅರ್ಥಕ್ಕೇರಿದೆ, ‘ಲೀರ್’ನ ಗತಿಗೆ ನೇರ ವಿರುದ್ಧವಾಗಿ. ರೀಗನ್ನಳ ಮಾತಿಗೆ ‘ಕಣ್ಸನ್ನೆ’ಯೂ ಫಾಲ್‌ಸ್ಟಾಫನ ಮಾತಿಗೆ ‘ಕಣ್ಣಾಡಿಸುವಿಕೆ’ಯೂ ಹೆಚ್ಚು ಹತ್ತಿರವಾದವು.