ಬಾಗಿಲಲ್ಲಿ ನಿಂತ ಪ್ರಶ್ನೆ

ಹಿಂದಿನ ಕಾಲದಲ್ಲಿ ಕೋಟೆಯ ಬಾಗಿಲಿಗೆ ಬಂದವನನ್ನು ಕಾವಲುಗಾರ ‘ಯಾರು ನೀನು? ಯಾವ ಊರು?’ ಎಂದು ಕೇಳುತ್ತಿದ್ದ. ಬಂದವನು ಹಗೆಯೋ ಕೆಳೆಯನೋ ಎಂಬುದಷ್ಟೇ ಅವನ ಸಂಶಯ. ಬಂದವನು ಮನುಷ್ಯನೆಂಬ ವಿಷಯದಲ್ಲಿ ಅವನಿಗೆ ಸಂಶಯವಿರಲಿಲ್ಲ. ಇಂದು ರೈಲಿನ ಟಿಕೆಟ್ಟು ಕಾದಿರಿಸಲೆಂದು ಗಣಕಯಂತ್ರದ ಮುಂದೆ ಕುಳಿತವನಿಗೆ ಎದುರಾಗುವ ಕಾವಲುಗಾರನ ಸಂಶಯ ಇನ್ನೂ ಆಳವಾದದ್ದು. ಸೊಟ್ಟಪಟ್ಟ ಅಕ್ಷರಗಳ ಒಂದು ಚಿತ್ರವನ್ನು ಮುಂದಿಟ್ಟು, ‘ಇದನ್ನು ಓದು, ಆಗ ನೀನು ಮನುಷ್ಯನೆಂದು ನಂಬುತ್ತೇನೆ’ ಎನ್ನುತ್ತಾನೆ ಅವನು. ಇದಕ್ಕೆ ‘ಕ್ಯಾಪ್ಚಾ’ ಎಂದು ಹೆಸರು. ಈ ವಿಲಕ್ಷಣ ಪ್ರಶ್ನೆ ಹುಟ್ಟಿದ ಬಗೆಯನ್ನೂ ಅದಕ್ಕೆ ಉತ್ತರ ಹೇಳುತ್ತ ಹೇಳುತ್ತ ನಾವು ತೆತ್ತದ್ದೇನು ಎಂಬುದನ್ನೂ ಈ ಹೊತ್ತು ನೋಡೋಣ.

ಇದರ ಮೂಲಪುರುಷ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್. 1950ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಅವನು ಒಂದು ಆಟವನ್ನು ಕಲ್ಪಿಸಿದ. ಮರೆಯಲ್ಲಿರುವ ಇಬ್ಬರಿಗೆ ಪ್ರಶ್ನೆಗಳನ್ನು ಬರೆದು ಕಳಿಸಿ, ಬಂದ ಉತ್ತರಗಳಿಂದ ಯಾರು ಮನುಷ್ಯ, ಯಾವುದು ಯಂತ್ರ ಎಂದು ಕಂಡುಹಿಡಿಯಬೇಕು. ಅಲ್ಲಿ ಪರೀಕ್ಷಕ ಮನುಷ್ಯ, ಪರೀಕ್ಷೆಗೆ ಕುಳಿತದ್ದು ಯಂತ್ರ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಆಸನಗಳು ಅದಲುಬದಲಾದವು.

1997ರಲ್ಲಿ ‘ಆಲ್ಟಾವಿಸ್ಟಾ’ ಎಂಬ ಶೋಧತಾಣಕ್ಕೆ ಒಂದು ಪೀಡೆ ಅಂಟಿಕೊಂಡಿತು. ಯಾರು ಬೇಕಾದರೂ ತಮ್ಮ ತಾಣದ ವಿಳಾಸವನ್ನು ಅದಕ್ಕೆ ಸೇರಿಸಬಹುದಾಗಿತ್ತು. ಈ ಔದಾರ್ಯವನ್ನು ಕೆಲವರು ದುರುಪಯೋಗಪಡಿಸಿಕೊಂಡು, ತಂತಾನೇ ನಡೆಯುವ ಕ್ರಮವಿಧಿಗಳ ಮೂಲಕ ವಿಳಾಸಗಳನ್ನು ರಾಶಿರಾಶಿಯಾಗಿ ಸುರಿಯತೊಡಗಿದರು. ಆಂಡ್ರೇ ಬ್ರೋಡರ್ ಮತ್ತು ಸಂಗಡಿಗರು ಉಪಾಯವೊಂದನ್ನು ಹೂಡಿದರು. ಅಚ್ಚಿನ ಅಕ್ಷರಗಳನ್ನು ಓದುವ ಯಂತ್ರದ ಕೈಪಿಡಿಯನ್ನು ತೆರೆದು, ಯಂತ್ರ ಚೆನ್ನಾಗಿ ಓದಬೇಕಾದರೆ ಏನೇನು ಮಾಡಬೇಕೆಂದು ಅದರಲ್ಲಿತ್ತೋ ಅದಕ್ಕೆಲ್ಲ ವಿರುದ್ಧವಾದುದನ್ನು ಅವರು ಮಾಡಿದರಂತೆ. ಅಕ್ಷರಗಳನ್ನು ವಾಲಿಸಿದರು, ಬಗೆಬಗೆಯ ಅಚ್ಚುಮೊಳೆಗಳನ್ನು ಬೆರೆಸಿದರು, ಹಿನ್ನೆಲೆಯನ್ನು ಕದಡಿದರು.

1999ರ ನವೆಂಬರಿನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಗಣಕವಿಜ್ಞಾನದ ಉಚ್ಚ ವ್ಯಾಸಂಗಕ್ಕೆ ಅಮೆರಿಕದಲ್ಲಿ ಯಾವ ಸಂಸ್ಥೆ ಮೇಲು ಎಂದು ‘ಸ್ಲ್ಯಾಶ್‌ಡಾಟ್’ ಎಂಬ ತಾಣ ಮತ ಕೇಳಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ ಹಾಕುವ ಕ್ರಮವಿಧಿಯನ್ನೇ ಬರೆದರು, ಮರುದಿನ ಎಂ.ಐ.ಟಿ.ಯವರೂ ಬರೆದರು. ಕೊನೆಗೆ ಎಂ.ಐ.ಟಿ.ಗೆ 21,156, ಕಾರ್ನೆಗಿ ಮೆಲನ್‌ಗೆ 21,032 ಮತಗಳು ಬಿದ್ದವು. ಉಳಿದ ಯಾವ ಸಂಸ್ಥೆಗೂ ಸಾವಿರ ದಾಟಲಿಲ್ಲ. ಮತದಾರನೇ ಇಲ್ಲದ ಚುನಾವಣೆ ಅದು! ಮರುವರ್ಷ ‘ಯಾಹೂ’ ಸಂಸ್ಥೆಯೂ ಇಂಥದೇ ಕಾಟದಿಂದ ಬೇಸತ್ತು ಕಾರ್ನೆಗಿ ಮೆಲನ್‌ನ ವಿದ್ವಾಂಸರ ಮೊರೆಹೊಕ್ಕಿತು. ಮ್ಯಾನುಯೆಲ್ ಬ್ಲಮ್, ಲೂಯಿಸ್ ವಾನ್ ಆನ್, ನಿಕೊಲಸ್ ಹಾಪರ್, ಜಾನ್ ಲ್ಯಾಂಗ್‌ಫರ್ಡ್ ಇವರು ಈ ಪರೀಕ್ಷೆಗೆ ಶಾಸ್ತ್ರದ ತಳಹದಿಯನ್ನೂ ‘ಕ್ಯಾಪ್ಚಾ’ ಎಂಬ ಹೆಸರನ್ನೂ ಕೊಟ್ಟರು. ಗಣಕಗಳನ್ನೂ ಮನುಷ್ಯರನ್ನೂ ಬೇರ್ಪಡಿಸುವ, ಸಂಪೂರ್ಣ ಸ್ವಯಂಚಾಲಿತವಾದ, ಸಾರ್ವಜನಿಕ ಟ್ಯೂರಿಂಗ್ ಪರೀಕ್ಷೆ ಎಂಬ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಕಟ್ಟಿದ ಪದವಿದು. ಈಗ ಪರೀಕ್ಷಕನೇ ಯಂತ್ರ!

ಸವೆದ ಶಾಸನದ ಪಡಿಯಚ್ಚನ್ನು ಮುಂದಿಟ್ಟುಕೊಂಡು ಕುಳಿತವರಿಗೆ ಈ ಪರೀಕ್ಷೆಯ ಮರ್ಮ ಸುಲಭವಾಗಿ ತಿಳಿದೀತು. ಒಂದಕ್ಷರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬುದೇ ಅಲ್ಲಿ ಮೊದಲ ತೊಡಕು. ನಮ್ಮ ಕಣ್ಣು ಬರಿಯ ಗೆರೆಗಳನ್ನು ನೋಡುವುದಿಲ್ಲ. ಅರ್ಥವನ್ನು ಮುಂದಾಗಿ ಊಹಿಸಿಕೊಂಡು ಅಳಿದುದನ್ನು ತುಂಬಿಕೊಳ್ಳುತ್ತದೆ. ಯಂತ್ರಕ್ಕೆ ಆಗ ಈ ಶಕ್ತಿಯಿರಲಿಲ್ಲ. ಆದರೆ ಅದು ಬಹುಕಾಲ ಹಿಂದುಳಿಯಲಿಲ್ಲ. 2003ರಲ್ಲೇ ಬರ್ಕ್ಲಿಯ ಗ್ರೆಗ್ ಮೋರಿ, ಜಿತೇಂದ್ರ ಮಲಿಕ್ ಇವರು ಯಾಹೂ ಬಳಸುತ್ತಿದ್ದ ಬಗೆಯ ಚಿತ್ರಗಳಲ್ಲಿ ಶೇಕಡಾ 92ನ್ನು ಯಂತ್ರದಿಂದಲೇ ಓದಿಸಿದರು.

2007ರಲ್ಲಿ ವಾನ್ ಆನ್ ಇದಕ್ಕೊಂದು ಹೊಸ ತಿರುವು ಕೊಟ್ಟ. ದಿನವೂ ಕೋಟ್ಯಂತರ ಜನ ಅಕ್ಷರ ಬಿಡಿಸುವ ಈ ಶ್ರಮ ವ್ಯರ್ಥವಾಗುತ್ತಿದೆಯಲ್ಲ ಎಂಬ ಚಿಂತೆ ಅವನದು. ‘ರೀಕ್ಯಾಪ್ಚಾ’ ಎರಡು ಪದಗಳನ್ನು ತೋರಿಸಿತು. ಒಂದರ ಉತ್ತರ ಯಂತ್ರಕ್ಕೆ ಗೊತ್ತು. ಇನ್ನೊಂದು, ಹಳೆಯ ಪುಸ್ತಕ ಪತ್ರಿಕೆಗಳಲ್ಲಿ ಯಂತ್ರ ಓದಲಾರದೆ ಬಿಟ್ಟ ಪದ. ಆ ಪದವನ್ನು ಹಲವರಿಗೆ ತೋರಿಸಿ, ಅವರ ಪಾಠಗಳು ಹೊಂದಿದರೆ ಸ್ವೀಕರಿಸುವುದು. ಹಲವು ಓಲೆಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ನಮ್ಮ ಗ್ರಂಥಸಂಪಾದನೆಯ ದೂರದ ನಂಟನಲ್ಲವೆ ಇದು? ಮೊದಲ ವರ್ಷದಲ್ಲೇ 44 ಕೋಟಿಗೂ ಮಿಕ್ಕಿ ಪದಗಳು ಹೀಗೆ ಸಂಪಾದಿತವಾದವು. ‘ನ್ಯೂಯಾರ್ಕ್ ಟೈಮ್ಸ್’ನ ಹಳೆಯ ಸಂಚಿಕೆಗಳಿಗೆ ಹೊಸ ಜೀವ ಬಂತು. 2009ರಲ್ಲಿ ಗೂಗಲ್ ಇದನ್ನು ಕೊಂಡಿತು. ಒಂದೇ ವ್ಯತ್ಯಾಸ: ಗ್ರಂಥಸಂಪಾದಕನಿಗೆ ತಾನು ಮಾಡುತ್ತಿರುವ ಕೆಲಸ ಯಾವುದೆಂದು ಗೊತ್ತಿರುತ್ತದೆ. ಇಲ್ಲಿ ಬಹುಮಂದಿ ಓದುಗರಿಗೆ ಅದು ಗೊತ್ತಿರಲಿಲ್ಲ.

ಇದೇ ಪತ್ರಿಕೆ 2010ರಲ್ಲಿ ಮತ್ತೊಂದು ಸುದ್ದಿಯನ್ನು ಪ್ರಕಟಿಸಿತು. ಈ ಪರೀಕ್ಷೆಗಳನ್ನು ದಾಟಲು ಮೋಸಗಾರರು ಭಾರತ, ಬಾಂಗ್ಲಾದೇಶ, ಚೀನಾಗಳಲ್ಲಿ ಕೂಲಿಯವರನ್ನು ಹಿಡಿದಿದ್ದರು. ಸಾವಿರ ಚಿತ್ರ ಓದಿಕೊಟ್ಟರೆ ಸಲ್ಲುತ್ತಿದ್ದ ದರ 80 ಸೆಂಟಿನಿಂದ 1 ಡಾಲರ್ 20 ಸೆಂಟು. ‘ನೀನು ಮನುಷ್ಯನೆ?’ ಎಂಬ ಪ್ರಶ್ನೆಗೆ ಆ ಹುಡುಗರು ಕೊಟ್ಟ ಉತ್ತರದಲ್ಲಿ ಸುಳ್ಳಿಲ್ಲ. ಆದರೂ ಕೋಟೆಯ ಬಾಗಿಲು ಕಳ್ಳನಿಗೇ ತೆರೆಯಿತು. ಬಡತನಕ್ಕೆ ಇಷ್ಟು ಅಗ್ಗದ ಬೆಲೆ ಕಟ್ಟಿರುವ ಲೋಕದಲ್ಲಿ ಮನುಷ್ಯತ್ವವನ್ನು ಬೀಗವಾಗಿ ಬಳಸಲಾಗದೆಂಬುದನ್ನು ಆ ವಿದ್ವಾಂಸರು ಲೆಕ್ಕಕ್ಕೆ ಹಿಡಿದಿರಲಿಲ್ಲವೆಂದು ತೋರುತ್ತದೆ.

ಕಳ್ಳನಿಗೆ ತೆರೆದ ಬಾಗಿಲು ಕುರುಡನಿಗೆ ಮುಚ್ಚಿತು. ಕಣ್ಣಿಲ್ಲದವನು ಚಿತ್ರವನ್ನು ಓದುವುದೆಂತು? ಅಂತರಜಾಲದ ನಿಯಮಗಳನ್ನು ರೂಪಿಸುವ ಒಕ್ಕೂಟ 2005ರಲ್ಲೇ ಈ ಅನ್ಯಾಯವನ್ನು ಎತ್ತಿ ತೋರಿಸಿತು. ಚಿತ್ರಕ್ಕೆ ಬದಲಾಗಿ ಧ್ವನಿಯನ್ನು ಕೇಳಿಸುವ ಏರ್ಪಾಡೂ ಬಂತು. ಆದರೆ ಯಂತ್ರಕ್ಕೆ ತಿಳಿಯಬಾರದೆಂದು ಗದ್ದಲ ಬೆರೆಸಿದ ಆ ಧ್ವನಿ ಎಷ್ಟೋ ಸಲ ಮನುಷ್ಯನಿಗೂ ತಿಳಿಯದು. ಮುಪ್ಪಿನ ಕಣ್ಣಿನ ನನ್ನಂಥವರು ಒಂದೇ ಚಿತ್ರವನ್ನು ಮೂರು ಸಲ ತಪ್ಪು ಓದಿ, ಮನುಷ್ಯರಲ್ಲವೆಂಬ ತೀರ್ಪು ಪಡೆದು ಎದ್ದುಬಂದದ್ದೂ ಉಂಟು.

2014ರಲ್ಲಿ ಗೂಗಲ್‌ನವರೇ ಒಪ್ಪಿಕೊಂಡರು: ಅತ್ಯಂತ ಕಠಿನವಾದ ಅಕ್ಷರಚಿತ್ರವನ್ನೂ ಯಂತ್ರ ಶೇಕಡಾ 99.8ರಷ್ಟು ಸರಿಯಾಗಿ ಓದಬಲ್ಲುದೆಂದು. ಅನಂತರ ರಸ್ತೆಯ ದೀಪ, ಬಸ್ಸು, ಸೈಕಲ್ಲುಗಳನ್ನು ಗುರುತಿಸುವ ಆಟ ಹೆಚ್ಚು ಬಳಕೆಗೆ ಬಂತು. 2024ರಲ್ಲಿ ಜ್ಯೂರಿಕ್‌ನ ಸಂಶೋಧಕರು ಅದನ್ನೂ ಯಂತ್ರದಿಂದ ಪೂರ್ತಿಯಾಗಿ ಗೆಲ್ಲಿಸಿದರು. ಈ ನಡುವೆ, 2018ರಲ್ಲಿ, ಏನನ್ನೂ ಕೇಳದೆ ನಮ್ಮ ನಡೆಯನ್ನು ಮೌನವಾಗಿ ಗಮನಿಸಿ ಅಂಕ ಹಾಕುವ ಕಾವಲುಗಾರನೂ ಬಂದ. ಪ್ರಶ್ನೆ ಕೇಳುವವನಿಗೆ ಉತ್ತರವಾದರೂ ಹೇಳಬಹುದು. ಸುಮ್ಮನೆ ನೋಡುತ್ತ ಕುಳಿತವನಿಗೆ ಏನು ಹೇಳೋಣ?

ನಮ್ಮ ಓಲೆಗರಿಯ ಲಿಪಿಕಾರರಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಮುಗಿಸಿದ ಮೇಲೆ, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬಲ್ಲವರನ್ನು ಅವರು ಬೇಡಿಕೊಳ್ಳುತ್ತಿದ್ದರು. ಮುಂದೆಂದೋ ಈ ಗರಿಯನ್ನು ಬಿಚ್ಚುವವನು ತನ್ನಂತೆಯೇ ತಪ್ಪುವ, ತಪ್ಪನ್ನು ಮನ್ನಿಸಬಲ್ಲ ಮನುಷ್ಯನೆಂಬ ನಂಬಿಕೆ ಅದು. ಅದಕ್ಕೆ ರುಜುವಾತು ಕೇಳಬೇಕೆಂದು ಆ ಲಿಪಿಕಾರನಿಗೆ ತೋಚಿರಲಿಲ್ಲ. ಸೊಟ್ಟ ಅಕ್ಷರಗಳ ಮುಂದೆ ತಡವರಿಸುತ್ತ ಕುಳಿತಾಗಲೆಲ್ಲ ನನಗೆ ಅವನ ನೆನಪಾಗುತ್ತದೆ.