ನಗರದ ಕಾಡುಗಳ ಮೇಲೆ ಗಾಳಿಯ ಸಾರಜನಕದ ಪರಿಣಾಮ

ಮಳೆಯೊಡನೆ ನೆಲಕ್ಕಿಳಿಯುವ ಸಾರಜನಕವನ್ನು ಹತ್ತೊಂಬತ್ತನೆಯ ಶತಮಾನದ ರಸಾಯನಜ್ಞರು ಪುಕ್ಕಟೆ ಗೊಬ್ಬರವೆಂದು ಎಣಿಸಿದ್ದರು. ಬೆಳೆಗೆ ಗಾಳಿಯ ಅಮೋನಿಯಾವೇ ಸಾಕೆಂದು ಜರ್ಮನಿಯ ಲೀಬಿಗ್ ವಾದಿಸಿದರೆ, ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ 1850ರ ದಶಕದಲ್ಲಿ ಮಳೆನೀರನ್ನು ಪರೀಕ್ಷಿಸಿ, ಸಾಲದೆಂದರು. ಅತಿಯಾದೀತೆಂಬ ಚಿಂತೆ ಹುಟ್ಟಿದ್ದು ಬಹಳ ತಡವಾಗಿ. ರಾಸಾಯನಿಕ ಗೊಬ್ಬರ ಮತ್ತು ಮೋಟಾರು ವಾಹನಗಳ ಬಳಕೆ ಹೆಚ್ಚಿದ ಮೇಲೆ, 1989ರಲ್ಲಿ ಅಮೆರಿಕದ ಜಾನ್ ಏಬರ್ ಮತ್ತು ಸಂಗಡಿಗರು ‘ಸಾರಜನಕ ಪರ್ಯಾಪ್ತತೆ’ಯ ಸಿದ್ಧಾಂತ ಮಂಡಿಸಿದರು. ಮರಗಳೂ ಸೂಕ್ಷ್ಮಜೀವಿಗಳೂ ಹೀರಿ ಮಿಕ್ಕ ಸಾರಜನಕ ನೈಟ್ರೇಟ್ ಆಗಿ ಹಳ್ಳಕ್ಕೆ ಬಸಿಯುತ್ತದೆ. ಹೋಗುವಾಗ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಒಯ್ಯುತ್ತದೆ. ಮಣ್ಣು ಹುಳಿಯಾಗುತ್ತದೆ.

ಆದರೆ ಏಬರ್ ತಂಡದ ವಿವರಣೆ ಊರಾಚೆಯ ಕಾಡುಗಳದು. ನಗರದೊಳಗಿನ ಕಾಡಿನ ಕತೆ ಇಷ್ಟು ನೇರವಲ್ಲವೆಂದು ತೋರಿಸಿದ್ದು ನ್ಯೂಯಾರ್ಕ್. ಮಾರ್ಕ್ ಮೆಕ್‌ಡೊನೆಲ್ ಮತ್ತು ರಿಚರ್ಡ್ ಪೂಯಾಟ್ 1980ರ ದಶಕದ ಕೊನೆಯಲ್ಲಿ ಬ್ರಾಂಕ್ಸ್‌ನಿಂದ ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಕೌಂಟಿಯವರೆಗೆ, ಒಂದೇ ಬಗೆಯ ಓಕ್ ಕಾಡುಗಳನ್ನು ಆಯ್ದು ಮಣ್ಣನ್ನು ಹೋಲಿಸತೊಡಗಿದರು. ನಗರದ ತುದಿಯಲ್ಲಿ ಸೀಸ, ತಾಮ್ರ, ನಿಕ್ಕಲ್ ಹೆಚ್ಚಿದ್ದವು. ತರಗೆಲೆಯಲ್ಲಿ ಶಿಲೀಂಧ್ರ ಕಡಿಮೆಯಿತ್ತು. ಮರದ ಕೆಳಗೆ ತೊಟ್ಟಿಕ್ಕುವ ನೀರಿನಲ್ಲಿ ನೈಟ್ರೇಟ್ ಮತ್ತು ಅಮೋನಿಯಂ ಅಲ್ಲಿಯೇ ಅಧಿಕವೆಂದು ಗ್ಯಾರಿ ಲವೆಟ್ ತಂಡ 2000ದಲ್ಲಿ ವರದಿ ಮಾಡಿತು. ವಿಚಿತ್ರವೆಂದರೆ, ನಗರದ ಧೂಳಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಗಾಳಿಯಿಂದಿಳಿದ ಹುಳಿಯನ್ನು ಬಹುಮಟ್ಟಿಗೆ ತಣಿಸುತ್ತಿದ್ದವು. ಜೊತೆಗೆ, ಹೊರನಾಡಿನಿಂದ ಬಂದು ನೆಲೆಸಿದ ಎರೆಹುಳುಗಳು ತರಗೆಲೆಯನ್ನು ಬೇಗ ಮಣ್ಣಿಗೆ ಸೇರಿಸಿ ನೈಟ್ರೇಟ್ ಉತ್ಪತ್ತಿಯನ್ನು ಹೆಚ್ಚಿಸುತ್ತಿದ್ದವು. ಹೀಗಾಗಿ ಮಣ್ಣಿನ ಬದಲಾವಣೆಯಲ್ಲಿ ಗಾಳಿಯ ಪಾಲೆಷ್ಟು, ಹುಳುವಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಎಲ್ಲವನ್ನೂ ಗಾಳಿಯ ಲೆಕ್ಕಕ್ಕೆ ಬರೆಯುವ ಬರಹಗಳನ್ನು ಈ ಕಾರಣಕ್ಕೆ ಎಚ್ಚರದಿಂದ ಓದಬೇಕು.

ಗಿಡಗಳ ಬೆಳವಣಿಗೆಯೂ ನಿರೀಕ್ಷೆಗೆ ಸಿಗಲಿಲ್ಲ. ಜಿಲಿಯನ್ ಗ್ರೆಗ್ ಮತ್ತು ಸಹೋದ್ಯೋಗಿಗಳು ನೆಟ್ಟ ಒಂದೇ ತಳಿಯ ಕಾಟನ್‌ವುಡ್ ಸಸಿಗಳು ಹಳ್ಳಿಗಾಡಿಗಿಂತ ನ್ಯೂಯಾರ್ಕ್ ನಗರದಲ್ಲೇ ಇಮ್ಮಡಿ ಬೆಳೆದವೆಂದು 2003ರ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಕಾರಣ ಗೊಬ್ಬರವಲ್ಲ, ಓಝೋನ್. ವಾಹನಗಳ ನೈಟ್ರಿಕ್ ಆಕ್ಸೈಡ್ ನಗರದೊಳಗೆ ಓಝೋನನ್ನು ತಿಂದುಹಾಕುತ್ತದೆ. ಹೊಗೆ ಗಾಳಿಯಲ್ಲಿ ಸಾಗಿದಂತೆ ಊರಾಚೆ ಹೊಸ ಓಝೋನ್ ಹುಟ್ಟಿ ಎಲೆಗಳನ್ನು ಸುಡುತ್ತದೆ.

ನಗರದ ಗಾಳಿಯ ಬಗ್ಗೆ ಕಲ್ಲುಹೂವುಗಳ ಸಾಕ್ಷ್ಯ ಇದಕ್ಕಿಂತ ಹಳೆಯದು. ವಿಲಿಯಂ ನೈಲಾಂಡರ್ 1866ರಲ್ಲೇ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂವುಗಳಿಂದ ಅಲ್ಲಿನ ಗಾಳಿಯನ್ನು ಅಳೆದಿದ್ದ. ಲಂಡನ್ನಿನಲ್ಲಿ ಗಂಧಕದ ಹೊಗೆ ಇಳಿದ ಮೇಲೆ ಕಲ್ಲುಹೂವುಗಳು ಮರಳಿದವು. ಆದರೆ ಹಾಗೆ ಬಂದವುಗಳಲ್ಲಿ ಎದ್ದು ಕಾಣುವುದು ಸಾರಜನಕವನ್ನು ಬಯಸುವ ಹಳದಿ ಕ್ಸಾಂಥೋರಿಯಾ. ಕಾರುಗಳಿಗೆ ಕೂಡಿಸಿದ ಕ್ಯಾಟಲಿಟಿಕ್ ಕನ್ವರ್ಟರ್ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸಿತಾದರೂ, ತಾನೇ ಒಂದಿಷ್ಟು ಅಮೋನಿಯಾ ಹೊರಬಿಡುತ್ತದೆ. ರಸ್ತೆಯಂಚಿನ ಮರಗಳಿಗೆ ಅದು ತಲುಪುತ್ತಲೇ ಇದೆ.